ಮೂವತ್ತು ವರ್ಷ ಬಾಳಿದ ಊರು ಪರವೂರೇ?

ಓದುಗರ ಪತ್ರ: ಕಳೆದ ಮೂರು ಸಂಚಿಕೆಗಳಲ್ಲಿ ಸೋಪಾರ, ವಸಾಯಿ, ಮಾಟುಂಗಾ ಅಂತ ಬರೀ ಹಳೇ ಕಥೆ ಹಾಕಿದ್ದೀರಿ. ಈ ಮುಂಬಯಿ ಕಡೆಯ ಚರಿತ್ರೆ ಕಟ್ಟಿಕೊಂಡು ನಮಗೇನಾಗಬೇಕು? ನಮ್ಮೂರು ಕುಂದಾಪುರದ ಕಡೆ. ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು, ಬಂದದ್ದು ಹೊಟ್ಟೆಪಾಡಿಗೆ. ಯುರೋಪ್, ಜಪಾನ್, ವಿಯೆಟ್ನಾಂ ಪ್ರವಾಸ ಕಥನ ಹಾಕಿ, ಅಂಥ ಪುಸ್ತಕಗಳ ಪರಿಚಯ ಕೊಡಿ. ಮನೆಮಂದಿಯೆಲ್ಲ ಓದುತ್ತೇವೆ. (ಡೊಂಬಿವಲಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಮೂರೂ ಸಂಚಿಕೆಗಳನ್ನು ಬಿಡದೆ ಓದಿದ್ದೀರಿ. ಓದದವರಿಗೆ ಇಷ್ಟು ಬೇಜಾರಾಗುವುದಿಲ್ಲ. ಅದಕ್ಕೇ ನಿಮ್ಮ ಪತ್ರವನ್ನು ಆರಿಸಿಕೊಂಡೆ.

ಪ್ರವಾಸ ಕಥನ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ. ಕಾರಂತರು ಬರೆದರು, ಗೋಕಾಕರು ಬರೆದರು, ಮೂರ್ತಿರಾಯರು ಬರೆದರು. ಗೊರೂರರ ಅಮೆರಿಕದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಇವನ್ನೆಲ್ಲ ಓದಬೇಕು, ಮಕ್ಕಳಿಗೂ ಓದಿಸಬೇಕು.

ಆದರೆ ಈಗ ನನ್ನ ಮೇಜಿಗೆ ಬರುವ ಪ್ರವಾಸ ಕಥನಗಳು ಹೇಗಿರುತ್ತವೆ ಗೊತ್ತಾ? ಏರ್‌ಪೋರ್ಟಿನಲ್ಲಿ ಕ್ಯೂ ನಿಂತದ್ದಕ್ಕೆ ಒಂದು ಪುಟ. ಹೋಟೆಲಿನಲ್ಲಿ ಬಿಸಿನೀರು ಬಂದದ್ದು, ಇಂಡಿಯನ್ ರೆಸ್ಟೋರೆಂಟಿನಲ್ಲಿ ದಾಲ್ ಸಿಕ್ಕಿದ್ದು ಇನ್ನೊಂದು ಪುಟ. ಆಮೇಲೆ ಐಫೆಲ್ ಗೋಪುರ 1889ರಲ್ಲಿ ಕಟ್ಟಿದ್ದು, ಅದರ ಎತ್ತರ ಇಷ್ಟು ಅಂತ. ಇದನ್ನು ತಿಳಿಯಲು ಪ್ಯಾರಿಸ್‌ಗೆ ಹೋಗಬೇಕಾಗಿಲ್ಲ. ಹತ್ತು ದಿನದಲ್ಲಿ ಏಳು ದೇಶ ನೋಡಿ ಬಂದವರು ಒಬ್ಬ ಪ್ಯಾರಿಸ್‌ನವನ ಜೊತೆಗೂ ಮಾತಾಡಿರುವುದಿಲ್ಲ. ಆ ಊರಿನ ಜನ ಏನು ಕೆಲಸ ಮಾಡುತ್ತಾರೆ, ಬಾಡಿಗೆ ಎಷ್ಟು ಕೊಡುತ್ತಾರೆ, ಸತ್ತವರನ್ನು ಎಲ್ಲಿಗೆ ಒಯ್ಯುತ್ತಾರೆ, ಇದೊಂದೂ ಅದರಲ್ಲಿ ಇರುವುದಿಲ್ಲ.

ಪರವೂರನ್ನು ನೋಡುವುದು ಹೇಗೆ ಅಂತ ತಿಳಿಯಬೇಕಾದರೆ ಪಿಯೆತ್ರೋ ದೆಲ್ಲಾ ವಾಲೆಯ ಪತ್ರಗಳನ್ನು ಓದಿ. ಇಟಲಿಯವನು. 1623ರಲ್ಲಿ ಗೋವಾಕ್ಕೆ ಬಂದ. ಅಲ್ಲಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಅರಮನೆ, ದರ್ಬಾರು ಎಲ್ಲವನ್ನೂ ಬರೆದಿದ್ದಾನೆ. ಆದರೆ ನನಗೆ ಇಷ್ಟವಾದದ್ದು ಬೇರೆ. ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತಾ, ಪಾಠವನ್ನು ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದರು. ಇವನು ಅಲ್ಲೇ ನಿಂತ. ಯಾಕೆ ಹೀಗೆ ಮಾಡುತ್ತೀರಿ ಅಂತ ಅವರನ್ನೇ ಕೇಳಿದ. ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡ. ಬರಿಗಾಲು, ಸಾದಾ ಹತ್ತಿ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ, ಹೊರಟದ್ದು ತೋಡಿಸುತ್ತಿದ್ದ ಕಾಲುವೆ ನೋಡಲು. ನೋಡಿದರೆ ಅಡುಗೆಯವಳ ಹಾಗಿದ್ದಳು, ಮಾತಿಗೆ ನಿಂತರೆ ವಿವೇಕವುಳ್ಳ ಹೆಂಗಸು ಅಂತ ಗೊತ್ತಾಯಿತು ಅಂತ ಎರಡನ್ನೂ ಬರೆದ. ನಾನೂರು ವರ್ಷದ ಹಿಂದಿನ ನಮ್ಮ ಕಡೆಯ ಮಕ್ಕಳು ಹೇಗೆ ಕಲಿಯುತ್ತಿದ್ದರು ಅಂತ ನಮಗೇ ತಿಳಿಸಲು ರೋಮ್‌ನವನೊಬ್ಬ ಬರಬೇಕಾಯಿತು ನೋಡಿ. ನಮ್ಮವರಿಗೆ ಅದು ದಿನದ ಸಂಗತಿ, ಬರೆಯುವಂಥದ್ದು ಅನ್ನಿಸಲಿಲ್ಲ.

ನನ್ನ ಜಗಳ ಇರುವುದು ಇಲ್ಲೇ. ಮೂವತ್ತು ವರ್ಷ ಡೊಂಬಿವಲಿಯಲ್ಲಿದ್ದು 'ಇದು ನಮ್ಮೂರಲ್ಲ' ಅನ್ನುತ್ತೀರಿ. ಇರಲಿ, ಪರವೂರೇ ಅನ್ನಿ. ಹಾಗಾದರೆ ದೂರದ ಊರಿನ ಬದುಕನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಯಾರು? ಕುಂದಾಪುರದಲ್ಲಿ ಕೂತು ಓದುವವರಿಗೆ ಡೊಂಬಿವಲಿಯೂ ವಿಯೆಟ್ನಾಂ ಅಷ್ಟೇ ಹೊಸದು, ಅಲ್ವಾ?

ನಿಮ್ಮ ಪಕ್ಕದ ಕಲ್ಯಾಣವನ್ನೇ ತೆಗೆದುಕೊಳ್ಳಿ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭಾಷೆ ಬಲ್ಲ ಒಬ್ಬ ವ್ಯಾಪಾರಿ, ಕೆಂಪು ಸಮುದ್ರದಿಂದ ಈ ಕಡೆಗೆ ಬರುವ ಹಡಗಿನವರಿಗಾಗಿ ಒಂದು ಕೈಪಿಡಿ ಬರೆದ. ಅದರಲ್ಲಿ ಸೋಪಾರ ಇದೆ, ಕಲ್ಯಾಣ ಇದೆ. ಕಲ್ಯಾಣಕ್ಕೆ ಗ್ರೀಕರ ಹಡಗು ಬಂದರೆ ಕಾವಲು ಹಾಕಿ ಗುಜರಾತಿನ ಭರೂಚಿಗೆ ಸಾಗಿಸುತ್ತಾರೆ, ಹುಷಾರು ಅಂತ ಎಚ್ಚರಿಕೆಯೂ ಇದೆ. ಬೆಳಗ್ಗೆ ಸೀಟು ಸಿಗಲಿ ಅಂತ ಡೊಂಬಿವಲಿಯವರು ಉಲ್ಟಾ ಹೋಗಿ ಗಾಡಿ ಹತ್ತುವ ಅದೇ ಕಲ್ಯಾಣ.

ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಭಾನುವಾರ ಡಬ್ಬಿ ಕಟ್ಟಿಕೊಂಡು ಹೋಗದ ಕನ್ನಡಿಗರು ಕಡಿಮೆ. ಅಲ್ಲಿ 9ನೇ ಶತಮಾನದ ಶಾಸನಗಳಿವೆ, ಅವುಗಳಲ್ಲಿ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗ ಹುಟ್ಟಿದ್ದು ಯಾರ ಆಸ್ಥಾನದಲ್ಲೋ, ಅದೇ ಅಮೋಘವರ್ಷ ನೃಪತುಂಗ. ಆಗ ಉತ್ತರ ಕೊಂಕಣ ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ರಾಜ್ಯೋತ್ಸವದ ವೇದಿಕೆಯಲ್ಲಿ 'ಕಾವೇರಿಯಿಂದಮಾ ಗೋದಾವರಿವರಂ' ಅಂತ ಎದೆಯುಬ್ಬಿಸಿ ಹೇಳುತ್ತೇವೆ. ಆ ದೊರೆಯ ಹೆಸರು ಕೊರೆದ ಕಲ್ಲಿನ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂದು ವಾಪಸ್ ಬರುತ್ತೇವೆ. ಇದಕ್ಕೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಹೊಟ್ಟೆಪಾಡಿಗೆ ಬಂದವರಿಗೆ ಚರಿತ್ರೆ ಯಾಕೆ ಅಂತ ಕೇಳಿದ್ದೀರಿ. ಮುಂಬಯಿಯನ್ನು ಮರಾಠಿಯಲ್ಲಿ ಮೊದಲ ಸಲ ಇಡಿಯಾಗಿ ಬರೆದವರು ಗೋವಿಂದ ನಾರಾಯಣ ಮಾಡಗಾಂವಕರ್. ಹೆಸರೇ ಹೇಳುವಂತೆ ಗೋವಾದ ಮಡಗಾಂವ್ ಮೂಲದವರು. 1863ರಲ್ಲಿ ಅವರ 'ಮುಂಬಯೀಚೇ ವರ್ಣನ' ಬಂತು. ಬೋರಿಬಂದರಿನಿಂದ ಠಾಣೆಗೆ ರೈಲು ಓಡಲು ಶುರುವಾಗಿ ಆಗ ಹತ್ತೇ ವರ್ಷ. ಪೇಟೆ, ಹಬ್ಬ, ಗಿರಣಿ, ರಸ್ತೆ, ಜನ ಎಲ್ಲವನ್ನೂ ಬರೆದಿಟ್ಟರು. ನನಗನ್ನಿಸುವುದು, ಹೊರಗಿನಿಂದ ಬಂದ ಮನೆತನದವರಿಗೆ ಇಲ್ಲಿಯದು ಕಣ್ಣಿಗೆ ಬೀಳುತ್ತದೆ. ಇಲ್ಲೇ ನೆಲೆ ನಿಂತದ್ದರಿಂದ ಅರ್ಥವೂ ಆಗುತ್ತದೆ. ಮುಂಬಯಿ ಕನ್ನಡಿಗರಿಗೆ ಇದೆರಡೂ ಇದೆ.

ಇತ್ತೀಚೆಗೆ ನಮ್ಮ ಕಚೇರಿಗೆ ವಯಸ್ಸಾದವರೊಬ್ಬರು ಬಂದಿದ್ದರು. ಹುಡುಗರಾಗಿದ್ದಾಗ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಕೈಯಲ್ಲಿ ಒಂದು ಲೆಕ್ಕದ ಪುಸ್ತಕ. ರಟ್ಟಿನ ಅಂಚೆಲ್ಲ ಎಣ್ಣೆ ಹಿಡಿದು ಕಪ್ಪಾಗಿತ್ತು. ಒಳಗೆ ಎಡಗಡೆ ಊರಿಗೆ ಕಳಿಸಿದ ಮನಿಯಾರ್ಡರ್ ಲೆಕ್ಕ, ಬಲಗಡೆ ಪೆನ್ಸಿಲಿನಲ್ಲಿ ಅವತ್ತಿನ ಸುದ್ದಿ. ಮಳೆಗೆ ಗಾಡಿ ನಿಂತದ್ದು, ಗಲ್ಲಾದವರು ಬೈದದ್ದು, ರಾತ್ರಿ ಟೇಬಲ್ ಜೋಡಿಸಿ ಮಲಗುವಾಗ ಫ್ಯಾನಿನ ಕೆಳಗಿನ ಜಾಗ ಯಾರದು ಅಂತ ಜಗಳವಾದದ್ದು. ಶಾಲೆಗೆ ಹೋಗುವಾಗ ಕೈಯಿಂದ ಈರುಳ್ಳಿ ವಾಸನೆ ಹೋಗಲಿ ಅಂತ ನಿಂಬೆ ಸಿಪ್ಪೆ ಉಜ್ಜಿಕೊಳ್ಳುತ್ತಿದ್ದರಂತೆ, ಅದೂ ಅದರಲ್ಲಿದೆ. "ಇದನ್ನು ಯಾರು ಓದುತ್ತಾರೆ ಸಾರ್, ಸುಮ್ನೆ ತಂದೆ" ಅಂದರು. ಬಂದಿರುವ ಎಲ್ಲ ಯುರೋಪ್ ಪ್ರವಾಸಗಳನ್ನೂ ಬದಿಗಿಟ್ಟು ನಾನು ಅದನ್ನು ಹಾಕುತ್ತೇನೆ.

ಇಂಥ ಪುಸ್ತಕಗಳು ಎಷ್ಟು ಹೋದವೋ! ಒಂದು ಹಳೆಯ ಸಂಘ ಕಟ್ಟಡ ರೀಡೆವಲಪ್‌ಮೆಂಟಿಗೆ ಕೊಡುವಾಗ ಸ್ಮರಣ ಸಂಚಿಕೆ, ಹಾಜರಿ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ ಎಲ್ಲವನ್ನೂ ರದ್ದಿಗೆ ಹಾಕಿತು. ಟ್ರೋಫಿಗಳನ್ನು ಮಾತ್ರ ಜೋಪಾನವಾಗಿ ಒಯ್ದರು. ಸನ್ಮಾನಕ್ಕೆ, ಶಾಲಿಗೆ, ಹಣ್ಣಿನ ಬುಟ್ಟಿಗೆ ನಮ್ಮಲ್ಲಿ ದುಡ್ಡಿದೆ. ಒಂದು ಕಪಾಟಿಗೆ ಇಲ್ಲ. ಪುಣೆಯಲ್ಲಿ ಇತಿಹಾಸಕಾರ ರಾಜವಾಡೆಯವರು ಊರೂರು ಅಲೆದು, ಮನೆಮನೆ ಬಾಗಿಲು ತಟ್ಟಿ ಹಳೆಯ ಕಾಗದ ಕೂಡಿಸಿದರು. 22 ಸಂಪುಟ ಅಚ್ಚಾದವು. 1910ರಲ್ಲಿ ಅವರು ಶುರು ಮಾಡಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇವತ್ತೂ ಇದೆ. ಮರಾಠಿಗರು ಮೋಡಿ ಲಿಪಿಯಲ್ಲಿ ಬರೆದ ತಮ್ಮ ಹಳೆಯ ಕಾಗದ ಉಳಿಸಿಕೊಂಡರು. ನಮ್ಮ ರಾತ್ರಿ ಶಾಲೆಗಳ ರಿಜಿಸ್ಟರ್ ಎಲ್ಲಿವೆ, ಯಾರಾದರೂ ಹೇಳುತ್ತೀರಾ?

ಮಾತು ಜಾಸ್ತಿಯಾಯಿತು. ಒಳ್ಳೆಯ ಪ್ರವಾಸ ಕಥನ ಬಂದರೆ ಖಂಡಿತ ಹಾಕುತ್ತೇನೆ. ಆದರೆ ನಿಮ್ಮಿಂದ ನನಗೆ ಒಂದು ಲೇಖನ ಬೇಕು. ನಿಮ್ಮ ಪತ್ರದ ಕನ್ನಡ ಚೆನ್ನಾಗಿದೆ, ನೇರವಾಗಿದೆ, ಆದ್ದರಿಂದಲೇ ಕೇಳುತ್ತಿದ್ದೇನೆ. ನೀವು ಬಂದಾಗ ಡೊಂಬಿವಲಿಯಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ, ಮೊದಲ ಖೋಲಿ ಬಾಡಿಗೆಗೆ ಹಿಡಿಯಲು ಪಗಡಿ ಹಣ ಎಷ್ಟು ಕೊಟ್ಟಿರಿ, ಮರಾಠಿ ಕಲಿಸಿದ ನೆರೆಯವರು ಯಾರು, ಈಗ ಅವರೆಲ್ಲಿದ್ದಾರೆ, ಸ್ಟೇಷನ್ನಿನ ಹತ್ತಿರ ಮುಚ್ಚಿಹೋದ ನಮ್ಮವರ ಹೋಟೆಲುಗಳು ಯಾವುವು? ಇಷ್ಟನ್ನು ಬರೆಯಿರಿ. ಕೈಬರಹವಾದರೂ ಸರಿ, ಹಳೇ ಫೋಟೋ ಇದ್ದರೆ ಜೊತೆಗಿಡಿ, ಜೋಪಾನವಾಗಿ ವಾಪಸ್ ಕಳಿಸುತ್ತೇವೆ. ದೀಪಾವಳಿ ಸಂಚಿಕೆಯಲ್ಲಿ ನಿಮಗೆ ಆರು ಪುಟ ಇಟ್ಟಿದ್ದೇನೆ.