ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಾರಿಗೆ ಹೊಸ ಚಕ್ರ ಕೂರಿಸುವ ಮೊದಲು

ಪ್ರಶ್ನೆ: ಮಾನ್ಯರೆ, ನನ್ನ ಬಳಿ 1999ರ ಮಾರುತಿ ಎಸ್ಟೀಮ್ ಇದೆ. ಬಿಡುವಾದಾಗಲೆಲ್ಲ ಅದರ ಕೆಲಸ ಮಾಡಿಸುತ್ತ ಬಂದಿದ್ದೇನೆ. ಇಂಜಿನ್ ಮತ್ತು ಬಣ್ಣದ ಕೆಲಸ ಮುಗಿದಿದೆ. ಮೊದಲು 5ಜೆ (5 ಇಂಚು) ಅಗಲದ 13 ಇಂಚಿನ ಕಬ್ಬಿಣದ ವೀಲ್ ಡಿಸ್ಕ್‌ಗಳಿದ್ದವು, ಟಯರು 175/70 ಆರ್13. ಈಗ ಸ್ನೇಹಿತರಿಂದ 15 ಇಂಚಿನ ಅಲಾಯ್ ವೀಲ್‌ಗಳನ್ನು ಕೊಂಡು 195/50 ಆರ್15 ಟಯರು ಹಾಕಿಸಿದ್ದೇನೆ. ವೀಲ್ ಮೇಲೆ 7ಜೆ, ಇಟಿ 35 ಎಂದಿದೆ. ನಟ್ಟಿನ ರಂಧ್ರಗಳ ಅಳತೆ 114.3 ಮಿ.ಮೀ., ಅದು ಹೊಂದಿದೆ. ಕಾರು ಎತ್ತರವಾಗಿ ಕಾಣುತ್ತಿತ್ತೆಂದು ಮುಂದಿನ ಸ್ಪ್ರಿಂಗ್‌ಗಳಲ್ಲಿ ಒಂದೊಂದು ಸುತ್ತು ಕತ್ತರಿಸಲಾಗಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಬ್ರೇಕರ್ ದಾಟಿದ ಕೂಡಲೇ ಟಕ್ ಎಂಬ ಸದ್ದು ಬರುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ವೇಗ 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಂತಿಲ್ಲ. ಏನು ಮಾಡಲಿ?
ಓದುಗರೊಬ್ಬರು, ವಿಜಯಪುರ

ಉತ್ತರ: ನಿಮ್ಮ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿವೆ, ಆದರೆ ಮೂರೂ ಹುಟ್ಟಿದ್ದು ಕೆಲಸದ ಕ್ರಮ ತಲೆಕೆಳಗಾದುದರಿಂದ. ಹಳೆಯ ಕಾರಿನಲ್ಲಿ ಮೊದಲು ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ಗಳು ಸರಿಯಾಗಬೇಕು. ಆಮೇಲೆ ಸ್ಪ್ರಿಂಗ್ ಆಯ್ದು ಕಾರಿನ ಎತ್ತರ ಗೊತ್ತುಮಾಡಬೇಕು. ಆ ಎತ್ತರದಲ್ಲಿ ಮಡ್‌ಗಾರ್ಡಿನ ಒಳಗೆ ಎಷ್ಟು ಜಾಗ ಉಳಿಯಿತೆಂದು ಅಳೆದು ಕೊನೆಗೆ ವೀಲ್ ಕೊಳ್ಳಬೇಕು. ವೀಲ್ ಕಣ್ಣಿಗೆ ಕಾಣುವ ವಸ್ತುವಾದ್ದರಿಂದ ಹೆಚ್ಚಿನವರು ಅದನ್ನೇ ಮೊದಲು ಕೊಳ್ಳುತ್ತಾರೆ, ಉಳಿದ ಕೆಲಸವೆಲ್ಲ ಅದಕ್ಕೆ ತಕ್ಕಂತೆ ಬಾಗಬೇಕಾಗುತ್ತದೆ.

ಮೊದಲು ಉಜ್ಜುವಿಕೆಯನ್ನು ನೋಡೋಣ. ಟಯರಿನ ಎತ್ತರದಲ್ಲಿ ದೋಷವಿಲ್ಲ. 175/70 ಆರ್13 ಟಯರಿನ ಒಟ್ಟು ವ್ಯಾಸ ಸುಮಾರು 575 ಮಿ.ಮೀ., 195/50 ಆರ್15ರದು 576. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುವುದಿಲ್ಲ. ತೊಂದರೆ ಇರುವುದು ಅಗಲದಲ್ಲಿ ಮತ್ತು ಇಟಿಯಲ್ಲಿ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಯಿಂದ, ಹಬ್ಬಿಗೆ (ಚಕ್ರ ಕೂರುವ ತಿರುಗುವ ಭಾಗಕ್ಕೆ) ತಾಗಿ ಕೂರುವ ಅದರ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದನ್ನು ಇಟಿ ಹೇಳುತ್ತದೆ. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ನಿಮ್ಮ ಹಳೆಯ ಡಿಸ್ಕಿನ ಇಟಿ 45 ಎಂದು ಹಿಡಿದು ಲೆಕ್ಕ ಹಾಕಿ. 5 ಇಂಚಿನಿಂದ 7 ಇಂಚಿಗೆ ಹೋದಾಗ ರಿಮ್ ಎರಡೂ ಬದಿಗೆ 25 ಮಿ.ಮೀ.ಯಷ್ಟು ಬೆಳೆಯುತ್ತದೆ, ಇಟಿ 10 ಇಳಿದದ್ದರಿಂದ ಇಡೀ ಚಕ್ರ ಮತ್ತೆ 10 ಮಿ.ಮೀ. ಹೊರಕ್ಕೆ ಬರುತ್ತದೆ. ಅಲ್ಲಿಗೆ ರಿಮ್ಮಿನ ಹೊರ ಅಂಚು 35 ಮಿ.ಮೀ. ಹೊರಗೆ ಬಂತು, ಒಳ ಅಂಚು 15 ಮಿ.ಮೀ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಕಡೆಗೆ ಹೋಯಿತು. ಟಯರು ರಿಮ್ಮಿಗಿಂತ ಉಬ್ಬಿರುವುದರಿಂದ ಟಯರಿನ ಲೆಕ್ಕದಲ್ಲಿ ವ್ಯತ್ಯಾಸ ಇದಕ್ಕಿಂತ ಕಡಿಮೆ, ಹೊರಗೆ ಸುಮಾರು 24 ಮಿ.ಮೀ. ಇಷ್ಟು ಹೊರಬಂದ ಟಯರು ಕೆಳಗಿಳಿಸಿದ ಕಾರಿನಲ್ಲಿ ತಿರುಗುವಾಗ ಮಡ್‌ಗಾರ್ಡಿನ ತುಟಿಗೆ ತಾಗದೆ ಇರುವುದಿಲ್ಲ. ನಿಮ್ಮ ಡಿಸ್ಕಿನ ನಿಜವಾದ ಇಟಿ ತಿಳಿಯಲು ಅದನ್ನು ಕಳಚಿ ಹೊರಮುಖ ಕೆಳಗಾಗಿ ಮಲಗಿಸಿ, ಮೇಲಿನ ಅಂಚಿಗೆ ಅಡ್ಡಲಾಗಿ ನೇರವಾದ ಪಟ್ಟಿಯಿಟ್ಟು, ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳವನ್ನು ಅಳೆಯಿರಿ. ಆ ಆಳದಿಂದ ಡಿಸ್ಕಿನ ಅಂಚಿನಿಂದ ಅಂಚಿಗಿರುವ ಒಟ್ಟು ಅಗಲದ ಅರ್ಧವನ್ನು ಕಳೆದರೆ ಇಟಿ ಸಿಗುತ್ತದೆ.

ಸದ್ದಿನ ವಿಷಯ ಇದಕ್ಕಿಂತ ಗಂಭೀರವಾದುದು. ಸ್ಪ್ರಿಂಗಿನ ಸುತ್ತುಗಳು ಕಡಿಮೆಯಾದಂತೆ ಅದು ಬಿಗಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಐದನೇ ಒಂದು ಭಾಗದಷ್ಟು ಏರುತ್ತದೆ. ಜೊತೆಗೆ ಸ್ಪ್ರಿಂಗಿನ ಒಟ್ಟು ಉದ್ದವೂ ಕುಗ್ಗುವುದರಿಂದ, ಬ್ರೇಕರ್ ದಾಟಿ ಚಕ್ರ ಕೆಳಕ್ಕೆ ಜೋತುಬಿದ್ದಾಗ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲವಾಗಿ, ಭಾರ ಮತ್ತೆ ಬಿದ್ದಾಗ ಟಕ್ಕೆಂದು ಕೂರುತ್ತದೆ. ನೀವು ಕೇಳುತ್ತಿರುವುದು ಬಹುಮಟ್ಟಿಗೆ ಅದೇ ಸದ್ದು. ಒಂದು ದಿನ ಅದು ಓರೆಯಾಗಿ ಕೂತರೆ ಸ್ಟೀರಿಂಗ್ ನಿಮ್ಮ ಮಾತು ಕೇಳದು. ಕತ್ತರಿಸಿದ ಸ್ಪ್ರಿಂಗ್‌ಗಳನ್ನು ದಯವಿಟ್ಟು ಈ ವಾರವೇ ತೆಗೆಸಿ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಇಳಿಸುತ್ತೇವೆ ಎನ್ನುವವರಿಗೂ ಒಪ್ಪಬೇಡಿ, ಉಕ್ಕಿನ ಹದವೇ ಅದರಿಂದ ಹೋಗುತ್ತದೆ. ಎತ್ತರ ಇಳಿಸಲೇಬೇಕಿದ್ದರೆ ಅದಕ್ಕೆಂದೇ ತಯಾರಾದ ಸ್ಪ್ರಿಂಗನ್ನು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರಿನ ಜೊತೆಗೆ ಹಾಕಿಸಿ, 25ರಿಂದ 30 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ. ಅದಕ್ಕೂ ಕೆಳಗೆ ಹೋದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಹೊರತುದಿಯ ಕಡೆಗೆ ಮೇಲಕ್ಕೆ ವಾಲಿ ನಿಲ್ಲುತ್ತದೆ, ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ, ಚಕ್ರ ಮೇಲೇರುವುದನ್ನು ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪಿನವರೆಗಿನ ಓಟವೂ ಉಳಿಯುವುದಿಲ್ಲ.

ನಡುಕಕ್ಕೆ ನನಗಿರುವ ಸಂಶಯ ವೀಲಿನ ನಡುವಿನ ರಂಧ್ರದ ಮೇಲೆ. ಕಂಪನಿಯ ಡಿಸ್ಕ್ ಹಬ್ಬಿನ ನಡುದಿಮ್ಮಿಯ ಮೇಲೆ ಬಿಗಿಯಾಗಿ ಕೂರುತ್ತದೆ. ಮಾರುಕಟ್ಟೆಯ ಅಲಾಯ್‌ಗಳು ಹಲವು ಕಾರುಗಳಿಗೆ ಆಗಲೆಂದು ದೊಡ್ಡ ರಂಧ್ರದೊಂದಿಗೆ ಬರುತ್ತವೆ, 67.1 ಮತ್ತು 73.1 ಮಿ.ಮೀ. ಅಲ್ಲಿ ಸಾಮಾನ್ಯ. ಆಗ ಚಕ್ರವನ್ನು ನಟ್ಟುಗಳೇ ನಡುವಿಗೆ ತರಬೇಕು, ಒಂದು ನಟ್ಟು ಮುಂಚೆ ಬಿಗಿದರೂ ಅದು ಕೂದಲೆಳೆಯಷ್ಟು ಸರಿಯುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರವನ್ನು ಶಂಕುವಿನಿಂದ ನಡುವಿಗೆ ಹಿಡಿಯುವುದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ತೋರುತ್ತದೆ, ಕಾರಿನ ಮೇಲೆ ಬಂದಾಗ ನಡುಗುತ್ತದೆ. ವರ್ನಿಯರ್‌ನಿಂದ ಹಬ್ಬನ್ನೂ ವೀಲಿನ ರಂಧ್ರವನ್ನೂ ಅಳೆಯಿಸಿ, ಆ ಅಂತರಕ್ಕೆ ಸರಿಯಾದ ಅಲ್ಯೂಮಿನಿಯಂ ಹಬ್ ರಿಂಗ್ ಮಾಡಿಸಿ ಹಾಕಿ. ರಿಂಗ್ ಕೈಯಿಂದ ಒತ್ತಿದರೆ ಒಳಹೋಗಬೇಕು, ಆದರೆ ಅಲುಗಾಡಬಾರದು. ನಟ್ಟುಗಳನ್ನೂ ನೋಡಿ: ಸುಜುಕಿಯ ಸ್ಟಡ್ಡಿನ ಎಳೆ 12 ಮಿ.ಮೀ., 1.25 ಪಿಚ್ (ಎಳೆಯಿಂದ ಎಳೆಗಿರುವ ಅಂತರ), ಟೊಯೋಟಾ, ಹೋಂಡಾಗಳದು 1.5 ಪಿಚ್. ಬೇರೆ ಕಾರಿನ ನಟ್ಟನ್ನು ಬಿಗಿಯುವ ಗನ್‌ನಿಂದ ಏರಿಸಿದರೆ ಎಳೆ ಹರಿದುಹೋಗುತ್ತದೆ.

ಹಾಗಾದರೆ ಯಾವ ವೀಲ್? ನನ್ನ ಸಲಹೆ 14 ಇಂಚು, 6ಜೆ, ಇಟಿ 40ರ ಆಸುಪಾಸು, ಟಯರು 185/60 ಆರ್14. ವ್ಯಾಸ ಸುಮಾರು 578 ಮಿ.ಮೀ. ಬರುತ್ತದೆ, ಟಯರು ಹೊರಬರುವುದು ಸುಮಾರು 12 ಮಿ.ಮೀ. ಮಾತ್ರ. ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರ್ ಗೋಡೆ 111 ಮಿ.ಮೀ. ಉಳಿಯುತ್ತದೆ, ಈಗಿನದರಲ್ಲಿ ಅದು 98ಕ್ಕಿಂತ ಕಡಿಮೆ. ನಮ್ಮ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಮೇಲಿನ ಡಾಂಬರು ಅಲೆಯಾಗುತ್ತದೆ, ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳು ಅದರ ಅಂಚುಗಳನ್ನು ಒಡೆಯುತ್ತವೆ. ಇಂಥ ರಸ್ತೆಯಲ್ಲಿ ಆ 13 ಮಿ.ಮೀ. ಅಲಾಯ್ ಬಾಗುವುದಕ್ಕೂ ಉಳಿಯುವುದಕ್ಕೂ ಇರುವ ಅಂತರ. ಟಯರಿನ ಲೋಡ್ ಇಂಡೆಕ್ಸ್ 82ಕ್ಕಿಂತ ಕಡಿಮೆ ಇರಬಾರದು. ಅಂದರೆ ಒಂದು ಟಯರಿಗೆ 475 ಕಿಲೊ. ಪಕ್ಕದ ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷವಿರುತ್ತದೆ, ಅಂಗಡಿಯಲ್ಲೇ ಓದಿಕೊಳ್ಳಿ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಲೇಬೇಕು. ಸ್ಟ್ರಟ್ ಇಳಿಸಿ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ ಸಮೇತ ಸ್ಟ್ರಟ್ಟನ್ನು ಮಾತ್ರ ಮತ್ತೆ ಕೂರಿಸಿ, ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ. ಹೊಸ ವೀಲ್ ಹಾಕಿ, ಲೋವರ್ ಆರ್ಮಿನ ಕೆಳಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ ಒತ್ತುವವರೆಗೂ ಎತ್ತಿ. ಹಾಗೆ ಎತ್ತುವಾಗ ಪ್ರತಿ ಎತ್ತರದಲ್ಲೂ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಮಡ್‌ಗಾರ್ಡಿನ ಒಳತುಟಿಗೆ ಮತ್ತು ಸ್ಟ್ರಟ್ಟಿಗೆ ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆಗಳನ್ನು ಅಂಟಿಸಿಟ್ಟರೆ, ಎಲ್ಲಿ ಎಷ್ಟು ಜಾಗ ಉಳಿಯಿತೆಂಬುದು ಉಂಡೆ ಚಪ್ಪಟೆಯಾದ ದಪ್ಪದಲ್ಲೇ ತಿಳಿಯುತ್ತದೆ. ಒಳಗೆ ಸ್ಟ್ರಟ್ಟಿನ ಬಳಿ 5 ಮಿ.ಮೀ., ಹೊರಗೆ 10 ಮಿ.ಮೀ. ಉಳಿದರೆ ನಿಶ್ಚಿಂತೆಯಿಂದ ಕೊಳ್ಳಿ. ಐದು ಜನ ಕೂತು, ಸಾಮಾನು ತುಂಬಿ, ಗುಂಡಿಗೆ ಬಿದ್ದ ಗಳಿಗೆಯಲ್ಲಿ ಆಗುವುದನ್ನು ಈ ಪರೀಕ್ಷೆ ನಿಂತ ಕಾರಿನಲ್ಲೇ ತೋರಿಸಿಬಿಡುತ್ತದೆ. ಅಂಗಡಿಯ ಮುಂದೆ ಖಾಲಿ ಕಾರಿಗೆ ವೀಲ್ ಹಾಕಿ ನೋಡುವುದರಿಂದ ಅದು ತಿಳಿಯದು.

ಪ್ರಶ್ನೆ: ಮಾರುತಿ 800ರ ಚಕ್ರಗಳು ಮಡ್‌ಗಾರ್ಡಿನ ಒಳಗೆ ಹುದುಗಿದಂತೆ ಕಾಣುತ್ತವೆ. ಉದ್ಯಮಬಾಗದ ಲೇತ್ ಅಂಗಡಿಯಲ್ಲಿ 10 ಮಿ.ಮೀ. ಸ್ಪೇಸರ್ ಮಾಡಿಸಿ ಹಾಕಬಹುದೇ?
ಓದುಗರೊಬ್ಬರು, ಬೆಳಗಾವಿ

ಉತ್ತರ: ಬೇಡ. ಉದ್ಯಮಬಾಗದ ಟರ್ನರುಗಳ ಕೈಗೆಲಸದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಮೇಲೆ ಹೇಳಿದ ಹಬ್ ರಿಂಗನ್ನು ಅಲ್ಲಿಯೇ ಮಾಡಿಸಿ ಎಂದು ಹೇಳುತ್ತೇನೆ. ಇಲ್ಲಿ ಸಮಸ್ಯೆ ಸ್ಟಡ್ಡಿನ ಉದ್ದದ್ದು. 10 ಮಿ.ಮೀ. ತಟ್ಟೆ ನಡುವೆ ಬಂದರೆ ನಟ್ಟಿಗೆ ಸಿಗುವ ಎಳೆ ಅಷ್ಟೇ ಕಡಿಮೆಯಾಗುತ್ತದೆ. 12 ಮಿ.ಮೀ. ಸ್ಟಡ್ಡಿಗೆ ಕನಿಷ್ಠ 12 ಮಿ.ಮೀ. ಎಳೆ ಹಿಡಿಯಬೇಕು, 1.25 ಪಿಚ್ಚಿನಲ್ಲಿ ಅದು ನಟ್ಟಿನ ಒಂಬತ್ತು ಹತ್ತು ಪೂರ್ತಿ ಸುತ್ತು. ಎಣಿಸಿ ನೋಡಿ, ಸ್ಪೇಸರ್ ಹಾಕಿದ ಮೇಲೆ ಅಷ್ಟು ಸುತ್ತು ಬಾರದಿದ್ದರೆ ಆ ಚಕ್ರ ಕಾರಿನಿಂದ ಬೇರೆಯಾಗಬಹುದು. ಜೊತೆಗೆ ಸ್ಪೇಸರ್ ಹಬ್ಬಿನ ನಡುದಿಮ್ಮಿಯನ್ನು ಮುಚ್ಚಿ, ಚಕ್ರಕ್ಕೆ ನಡುವಿನ ಆಧಾರವನ್ನೇ ತಪ್ಪಿಸುತ್ತದೆ. ಇಟಿ 10 ಕಡಿಮೆ ಇರುವ ವೀಲ್ ಹುಡುಕುವುದೇ ಸರಿಯಾದ ದಾರಿ. ಸ್ವಿಫ್ಟ್ ಕಾರಿನ ಕಳಚಿದ ವೀಲ್‌ಗಳು ಬೆಳಗಾವಿಯಲ್ಲಿ ಸುಲಭವಾಗಿ ಸಿಗುತ್ತವೆಂದು ಆಸೆಪಡಬೇಡಿ, ಅವುಗಳ ಪಿಸಿಡಿ (ನಟ್ಟಿನ ರಂಧ್ರಗಳು ಕೂತ ವೃತ್ತದ ವ್ಯಾಸ) 100 ಮಿ.ಮೀ.; ಮೊದಲು ನಿಮ್ಮ ಹಬ್ಬಿನ ಎದುರುಬದುರು ಸ್ಟಡ್ಡುಗಳ ನಡುವಿನ ಅಳತೆ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯ ಹಿಂಭಾಗ ಕುಸಿದಿದೆ. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಮುಂದೆ ಹಳೆಯ ನೈಲಾನ್ ಟಯರುಗಳಿವೆ, ಹಿಂದಿನ ಎರಡನ್ನು ಮಾತ್ರ ರೇಡಿಯಲ್ ಮಾಡಬಹುದೇ?
ಓದುಗರೊಬ್ಬರು, ಗೋಕಾಕ

ಉತ್ತರ: ಪದ್ಮಿನಿಯ ಹಿಂದಿನ ಆಕ್ಸಲನ್ನು ಎರಡು ಲೀಫ್ ಸ್ಪ್ರಿಂಗುಗಳು ಹೊತ್ತಿವೆ, ಮುಂದೆ ಕಾಯಿಲ್ ಸ್ಪ್ರಿಂಗ್ ಇದೆ. ಹಿಂದೆ ಮಾತ್ರ ಪಟ್ಟಿ ಸೇರಿಸಿ ಎತ್ತಿದರೆ ಮುಂಭಾಗ ಬಾಗಿದಂತಾಗಿ, ಸ್ಟೀರಿಂಗ್ ತಾನಾಗಿ ನೇರವಾಗಲು ಬೇಕಾದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಕಾರು ವೇಗದಲ್ಲಿ ಅತ್ತಿತ್ತ ತೇಲುತ್ತದೆ, ಖಾಲಿ ಇದ್ದಾಗ ಹಿಂಭಾಗ ಕುಪ್ಪಳಿಸುತ್ತದೆ. ಆದ್ದರಿಂದ ಇರುವ ಪಟ್ಟಿಗಳನ್ನೇ ಬಿಚ್ಚಿಸಿ, ಬಿರುಕು ಬಿಟ್ಟವನ್ನು ಬದಲಿಸಿ, ಉಳಿದವಕ್ಕೆ ಸ್ಪ್ರಿಂಗ್ ಕೆಲಸ ಬಲ್ಲ ಕಮ್ಮಾರರಿಂದ ಮತ್ತೆ ಕಮಾನು ಕೊಡಿಸಿ ಹದ ಮಾಡಿಸುವುದು ಒಳ್ಳೆಯದು. ನಡುವಿನ ಬೋಲ್ಟ್, ಯು ಬೋಲ್ಟ್ ಮತ್ತು ಶ್ಯಾಕಲ್ ಬುಷ್‌ಗಳನ್ನು ಹೊಸದಾಗಿಯೇ ಹಾಕಿಸಿ.

ಇಲ್ಲಿ ಬಹಳ ಗ್ಯಾರೇಜುಗಳಲ್ಲಿ ತಪ್ಪಿಹೋಗುವ ಒಂದು ಕೆಲಸವಿದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕಾರು ಜಾಕಿನ ಮೇಲಿದ್ದಾಗ ಕೈಬಿಗಿಯಷ್ಟೇ ಬಿಗಿದು, ಕಾರು ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆ ಪೂರ್ತಿ ಬಿಗಿಯಬೇಕು. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೆಲಸ ನಡೆಯುವಾಗ ನೀವು ಅಲ್ಲೇ ನಿಂತು ಇದನ್ನು ಮಾಡಿಸಿಕೊಳ್ಳಿ. ಹೊಸ ಯು ಬೋಲ್ಟ್‌ಗಳನ್ನು ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು.

ಟಯರಿನ ಬಗ್ಗೆ ಹೇಳುವುದಾದರೆ, ಒಂದೇ ಆಕ್ಸಲಿನಲ್ಲಿ ಎರಡು ಜಾತಿಯ ಟಯರು ಎಂದಿಗೂ ಕೂಡದು. ಹಿಂದೆ ಎರಡೂ ರೇಡಿಯಲ್, ಮುಂದೆ ಎರಡೂ ನೈಲಾನ್ ಎಂಬ ನಿಮ್ಮ ಯೋಚನೆಯನ್ನು ಅನಿವಾರ್ಯವಾದಾಗ ಸ್ವಲ್ಪ ಕಾಲ ಒಪ್ಪಬಹುದು. ಅದರ ತಿರುವುಮುರುವು ಮಾಡಿದರೆ ಮಾತ್ರ ಮುಂದೆ ಹಿಡಿತ ಹೆಚ್ಚಿ ಘಟ್ಟದ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಆದರೂ ಚೋರ್ಲಾ ಘಾಟಿನ ಮಳೆಯಲ್ಲಿ ಇಳಿಯುವ ಕಾರಿಗೆ ನಾಲ್ಕೂ ರೇಡಿಯಲ್ ಇರಬೇಕೆಂಬುದೇ ನನ್ನ ಅಭಿಪ್ರಾಯ. ಹಣ ಕೂಡಿಬರುವವರೆಗೆ ಕಾದು ನಾಲ್ಕನ್ನೂ ಒಟ್ಟಿಗೆ ಕೊಳ್ಳಿ.

ಪ್ರಶ್ನೆ: ಕೆಎ 48 ನೋಂದಣಿಯ ನನ್ನ ಕಾರಿಗೆ 15 ವರ್ಷ ತುಂಬುತ್ತಿದೆ. ಅಗಲದ ವೀಲ್ ಹಾಕಿದ್ದರಿಂದ ನೋಂದಣಿ ನವೀಕರಣಕ್ಕೆ ತೊಂದರೆಯಾದೀತೇ?
ಓದುಗರೊಬ್ಬರು, ಜಮಖಂಡಿ

ಉತ್ತರ: ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. 15 ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮಡ್‌ಗಾರ್ಡಿನಿಂದ ಹೊರಚಾಚಿದ ಟಯರು, ಕತ್ತರಿಸಿದ ಸ್ಪ್ರಿಂಗ್ ಇವು ತಪಾಸಣಾಧಿಕಾರಿಯ ಕಣ್ಣಿಗೆ ಮೊದಲು ಬೀಳುವಂಥವು. ನಿಮ್ಮ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಕೊಟ್ಟ ವೀಲ್ ಮತ್ತು ಟಯರಿನ ಅಳತೆ ಏನೆಂದು ಮಾಲೀಕರ ಕೈಪಿಡಿಯಲ್ಲಿ ನೋಡಿ, ಅದಕ್ಕೆ ಹಿಂದಿರುಗಿ. ಹಾಕಿರುವ ಬದಲಾವಣೆಗಳನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರು ಕೊಟ್ಟ ಸ್ವೀಕೃತಿಯನ್ನು ಕಾರಿನ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಅಪಘಾತದ ನಂತರ ಸರ್ವೇಯರ್ ಬಂದು ಕೇಳಿದಾಗ ಅದನ್ನು ತೋರಿಸಬೇಕಾಗುತ್ತದೆ.