ಇಂಟರ್ನೆಟ್‌ಗೆ ರೂಲ್ಸ್ ಮಾಡೋರು ಯಾರು ಸ್ವಾಮಿ?

ಕಳೆದ ಸಂಚಿಕೇಲಿ ಓಟಿಪಿ ಮೋಸದ ಬಗ್ಗೆ ಬರೆದಿದ್ದೆ. ಅದಕ್ಕೆ ಮೈಸೂರು ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಸುಮಾರು ಜನ ಕೊನೆಗೆ ಕೇಳಿರೋದು ಒಂದೇ, ಈ ಇಂಟರ್ನೆಟ್‌ಗೆ ರೂಲ್ಸ್ ಮಾಡೋರು ಯಾರು, ಅವರಿಗೆ ನಮ್ಮಂಥೋರು ಇದೀವಿ ಅಂತಾದ್ರೂ ಗೊತ್ತಾ ಅಂತ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಇಂಟರ್ನೆಟ್ ಅಮೆರಿಕದೋರ್ದು, ಅವರು ಮನಸು ಮಾಡಿದ್ರೆ ಒಂದು ಸ್ವಿಚ್ ಒತ್ತಿ ನಮ್ದನ್ನ ಆಫ್ ಮಾಡ್ಬೋದು ಅಂತ ನಮ್ಮೂರ ಟೀ ಅಂಗಡೀಲಿ ದಿನಾ ವಾದ ನಡೀತದೆ. ನಿಜಾನಾ?
– ಕೆ.ಆರ್. ಪೇಟೆಯ ಓದುಗರು

ಉತ್ತರ: ಒಂದು ಕಾಲಕ್ಕೆ ಸ್ವಲ್ಪ ನಿಜ ಇತ್ತು. ಇಂಟರ್ನೆಟ್‌ಗೆ ಓನರ್ ಅಂತ ಯಾರೂ ಇಲ್ಲ, ಆದ್ರೆ ಡಾಟ್ ಕಾಮ್ ಎಲ್ಲಿದೆ ಡಾಟ್ ಇನ್ ಎಲ್ಲಿದೆ ಅಂತ ದಾರಿ ತೋರಿಸೋ ಒಂದು ಲಿಸ್ಟ್ ಇದೆ, ಅದಕ್ಕೆ ರೂಟ್ ಜೋನ್ ಅಂತಾರೆ. 1998ರವರೆಗೂ ಈ ಹೆಸರು, ನಂಬರ್‌ಗಳ ಲೆಕ್ಕ ಇಟ್ಟಿದ್ದೋರು ಹೆಚ್ಚುಕಮ್ಮಿ ಒಬ್ರೇ, ಜಾನ್ ಪೋಸ್ಟೆಲ್ ಅಂತ, ಕ್ಯಾಲಿಫೋರ್ನಿಯಾದ ಯೂನಿವರ್ಸಿಟೀಲಿ ಉದ್ದ ಗಡ್ಡ ಬಿಟ್ಕೊಂಡು ಕೆಲ್ಸ ಮಾಡ್ತಿದ್ದ ಕಂಪ್ಯೂಟರ್ ವಿಜ್ಞಾನಿ. ಆ ವರ್ಷ ಜನವರೀಲಿ ಅವರು ಈ ಲಿಸ್ಟ್‌ನ ಇಟ್ಕೊಂಡು ಹಂಚೋ ಕಂಪ್ಯೂಟರ್‌ಗಳನ್ನ, ಅಂದ್ರೆ ರೂಟ್ ಸರ್ವರ್, ನಡೆಸೋರಿಗೆ ಒಂದು ಇಮೇಲ್ ಹಾಕಿ, ಇನ್ಮೇಲೆ ಲಿಸ್ಟ್‌ನ ನನ್ನ ಮೆಷಿನ್ನಿಂದ ತಗೊಳ್ಳಿ ಅಂದ್ರು, 8 ಸರ್ವರ್‌ನೋರು ಮರುಮಾತಾಡ್ದೆ ಹಾಗೇ ಮಾಡ್ಬಿಟ್ರು! ಅಮೆರಿಕ ಸರ್ಕಾರ ಗರಂ ಆದ ಮೇಲೆ ಅದು ಬರೀ ಟೆಸ್ಟು ಅಂತ ಹೇಳಿ ವಾಪಸ್ ಮೊದಲಿನ ಥರಾನೇ ಮಾಡಿದ್ರು. ಅದೇ ವರ್ಷ ಈ ಹೆಸರು, ನಂಬರ್‌ಗಳ ಲೆಕ್ಕ ನೋಡ್ಕೊಳ್ಳೋಕೆ ಐಕ್ಯಾನ್ ಅನ್ನೋ ಸಂಸ್ಥೆ ಶುರುವಾಯ್ತು, ಅಕ್ಟೋಬರ್‌ನಲ್ಲಿ ಪೋಸ್ಟೆಲ್ ತೀರ್ಕೊಂಡ್ರು. ಆಮೇಲೂ ಲಿಸ್ಟ್‌ನಲ್ಲಿ ಏನೇ ಬದಲಾವಣೆ ಆಗ್ಬೇಕಂದ್ರೂ ಅಮೆರಿಕದ ವಾಣಿಜ್ಯ ಇಲಾಖೆ ಒಪ್ಪಿಗೆ ಬೇಕಿತ್ತು, ಅದು ಮುಗಿದದ್ದು 2016ರ ಅಕ್ಟೋಬರ್ 1ಕ್ಕೆ.

ಐಕ್ಯಾನ್ ಆಫೀಸು ಇವತ್ತಿಗೂ ಲಾಸ್ ಏಂಜಲೀಸ್‌ನಲ್ಲೇ ಇದೆ, ಅಲ್ಲಿನ ಕಾನೂನೇ ಅದಕ್ಕೆ ಅನ್ವಯ, ಹಾಗಾಗಿ ಅನುಮಾನ ಪಡೋರ್ನ ನಾನು ಹುಚ್ಚರು ಅನ್ನಲ್ಲ. ಆದ್ರೆ 2022ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ಡಾಟ್ ಆರ್‌ಯು ಕಿತ್ತಾಕಿ ಅಂತ ಉಕ್ರೇನ್ ಕೇಳಿದ್ದಕ್ಕೆ ಐಕ್ಯಾನ್ ಆಗಲ್ಲ ಅಂದ್ಬಿಡ್ತು. ಇನ್ನು ನಿಮ್ಮ ಟೀ ಅಂಗಡೀಲಿ ನೆಟ್ ನಿಲ್ಲಿಸೋ ಸ್ವಿಚ್ ಬೇಕಾದ್ರೆ ಅಷ್ಟು ದೂರ ಹೋಗೋದೇ ಬೇಡ. ಒಂದು ಜಿಲ್ಲೆಗೋ ತಾಲ್ಲೂಕಿಗೋ ಇಂಟರ್ನೆಟ್ ಬಂದ್ ಮಾಡೋ ಆರ್ಡರ್‌ಗೆ ಸೈನ್ ಹಾಕೋದು ನಮ್ಮದೇ ರಾಜ್ಯದ ಗೃಹ ಕಾರ್ಯದರ್ಶಿ, ಒಂದು ಆರ್ಡರ್‌ಗೆ 15 ದಿನ ಮೇಲ್ಮಿತಿ. ಅಂಥ ಆರ್ಡರ್‌ಗಳನ್ನ ಬಚ್ಚಿಡಂಗಿಲ್ಲ, ಪ್ರಕಟ ಮಾಡ್ಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರೀಲಿ, ಕಾಶ್ಮೀರದ ಅನುರಾಧಾ ಭಸಿನ್ ಕೇಸಲ್ಲಿ ಹೇಳಿದೆ. ವಾದ ಮಾಡೋದಾದ್ರೆ ಇದರ ಮೇಲೆ ಮಾಡಿ ಅಂತೀನಿ.

ಪ್ರಶ್ನೆ: ಕಾಲೇಜ್ ಸೆಮಿನಾರ್‌ನಲ್ಲಿ ಇಂಟರ್ನೆಟ್ ಪಾಲಿಸಿಯ ಗ್ಲೋಬಲ್ ಎಕ್ಸ್‌ಪರ್ಟ್ಸ್ ಅಂತ ಸಾಲಾಗಿ ಫೋಟೋ ತೋರಿಸಿದ್ರು, ನಮ್ಮ ಕಡೆ ಮುಖ ಒಂದೂ ಇರ್ಲಿಲ್ಲ ಸರ್. ನಾವು ಬರೀ ಯೂಸರ್ಸ್ ಅಷ್ಟೇನಾ?
– ಸರಸ್ವತಿಪುರಂನ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಆ ಸ್ಲೈಡ್ ಮಾಡಿದೋರು ಮಾನಸಗಂಗೋತ್ರಿ ಕಡೆ ಒಂದು ಸಲ ತಿರುಗಿ ನೋಡಿದ್ರೆ ಸಾಕಿತ್ತು, ನಿಮ್ಮ ಏರಿಯಾದಿಂದ ನಡ್ಕೊಂಡೇ ಹೋಗ್ಬೋದು. ಅಲ್ಲಿ 1969ರಿಂದ ಇರೋ ಭಾರತೀಯ ಭಾಷಾ ಸಂಸ್ಥಾನ, ನಾವೆಲ್ಲ ಸಿಐಐಎಲ್ ಅಂತೀವಲ್ಲ, ಅದಕ್ಕೆ ಡೈರೆಕ್ಟರ್ ಆಗಿದ್ದ ಭಾಷಾವಿಜ್ಞಾನಿ ಉದಯ ನಾರಾಯಣ ಸಿಂಗ್ ಅವರು ಆಮೇಲೆ ಐಕ್ಯಾನ್‌ನ ಒಂದು ಸಮಿತಿಯ ಮುಂದಾಳುಗಳಲ್ಲಿ ಒಬ್ರಾದ್ರು. ಅದರ ಹೆಸರು ನಿಯೋ ಬ್ರಾಹ್ಮಿ ಜನರೇಷನ್ ಪ್ಯಾನೆಲ್, ಹೆಸರು ಕೇಳಿದ್ರೆ ಪುರಾತತ್ವ ಇಲಾಖೆ ಥರ ಇದೆ, ಕೆಲ್ಸ ಮಾತ್ರ ಭಾರಿ ಪ್ರಾಕ್ಟಿಕಲ್. ಕನ್ನಡ, ತೆಲುಗು, ದೇವನಾಗರಿ, ತಮಿಳು ಹೀಗೆ ಬ್ರಾಹ್ಮಿಯಿಂದ ಬಂದ 9 ಲಿಪಿಗಳಲ್ಲಿ ವೆಬ್ ವಿಳಾಸದ ಕೊನೇ ಭಾಗ, ಅಂದ್ರೆ ಡಾಟ್ ಆದ್ಮೇಲೆ ಬರೋದು, ಹೆಂಗಿರ್ಬೇಕು ಅಂತ ನಿಯಮ ಬರೆಯೋದು.

ಇದ್ರಲ್ಲೇನು ದೊಡ್ಡದು ಅನ್ನಬೇಡಿ. ನಮ್ಮ ಅ ತಗೊಳ್ಳಿ, ತೆಲುಗಿನ ಅ ತಗೊಳ್ಳಿ. ಪಕ್ಕಪಕ್ಕ ಇಟ್ರೆ ನಿಮಗೂ ನನಗೂ ವ್ಯತ್ಯಾಸ ಕಾಣಲ್ಲ, ಇ ಕೂಡ ಹಂಗೇ, ಠ ಕೂಡ ಹಂಗೇ. ಕಂಪ್ಯೂಟರ್‌ಗೆ ಮಾತ್ರ ಎರಡಕ್ಕೂ ಬೇರೆ ಬೇರೆ ನಂಬರ್, ಬೇರೆ ಬೇರೆ ಅಕ್ಷರ. ಈಗ ಯಾರೋ ಒಬ್ಬ ಕನ್ನಡದ ಹೆಸರೊಂದನ್ನ ತೆಲುಗು ಅಕ್ಷರದಲ್ಲಿ ಹಂಗ್ಹಂಗೇ ಟೈಪ್ ಮಾಡಿ ರಿಜಿಸ್ಟರ್ ಮಾಡ್ಸಿ ಒಳಗೆ ನಕಲಿ ಬ್ಯಾಂಕ್ ಪೇಜ್ ಕೂರಿಸ್ದ ಅಂದ್ಕೊಳ್ಳಿ, ಲಿಂಕ್ ನೋಡಿದೋರಿಗೆ ಏನು ಗೊತ್ತಾಗ್ಬೇಕು? ಅದಕ್ಕೆ ಈ ಪ್ಯಾನೆಲ್‌ನೋರು ಎರಡೂ ಲಿಪಿಯ ಅಕ್ಷರಗಳನ್ನ ಒಂದೊಂದಾಗಿ ಹೋಲಿಸಿ, ಯಾವ್ಯಾವ ಜೋಡಿ ಕಣ್ಣಿಗೆ ಮೋಸ ಮಾಡುತ್ತೆ ಅಂತ ಪಟ್ಟಿ ಮಾಡಿದ್ರು. ಒಂದು ರೂಪ ಒಬ್ರಿಗೆ ಕೊಟ್ಟಾಯ್ತು ಅಂದ್ರೆ ಅದರ ತದ್ರೂಪು ಇನ್ನೊಬ್ರಿಗೆ ಸಿಗಂಗಿಲ್ಲ, ಬ್ಲಾಕ್. ವ್ಯಂಜನ ಇಲ್ದೆ ಬರೀ ಗುಣಿತದ ಚಿಹ್ನೆ ಬಂದು ಕೂರಂಗಿಲ್ಲ, ಕನ್ನಡದ ಅಂಕಿಗಳೂ ಅಲ್ಲಿ ಬರಂಗಿಲ್ಲ. 2019ರಲ್ಲಿ ಬಂದ ನಿಯಮಗಳ ಕಂತಿನಲ್ಲಿ ಕನ್ನಡದ್ದೂ ಸೇರಿ ಹೋಯ್ತು. ಒಂದು ಲಿಪಿ ಓದಕ್ಕೆ ಬರೆಯಕ್ಕೆ ಬರೋರೇ ಕೂತು ಮಾಡ್ಬೇಕಾದ ಕೆಲ್ಸ ಇದು, ಎಷ್ಟೇ ದೊಡ್ಡ ಇಂಜಿನಿಯರ್ ಆಗ್ಲಿ ಕನ್ನಡ ಬರ್ದೇ ಇದ್ರೆ ಇಲ್ಲಿ ಉಪಯೋಗಕ್ಕಿಲ್ಲ.

ಕೂರೋಕೆ ತಡ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಭಾರತಕ್ಕೆ ನಮ್ಮ ಭಾಷೆಗಳ ಡೊಮೈನ್ ಸಿಕ್ಕ ಮೊದಲ ಕಂತಿನ 7 ಭಾಷೆಗಳಲ್ಲಿ ತೆಲುಗು, ತಮಿಳು ಇತ್ತು, ಕನ್ನಡ ಇರ್ಲಿಲ್ಲ. ಡಾಟ್ ಭಾರತ ಕನ್ನಡದಲ್ಲಿ ಬಂದದ್ದು ಆಮೇಲೆ. ಬಂದ ಮೇಲೂ ಕಷ್ಟ ಮುಗ್ದಿಲ್ಲ, ಕನ್ನಡದಲ್ಲಿ ಇಮೇಲ್ ವಿಳಾಸ ಮಾಡ್ಕೊಂಡು ಯಾವ್ದಾದ್ರೂ ಆನ್‌ಲೈನ್ ಫಾರ್ಮ್‌ಗೆ ಹಾಕಿ ನೋಡಿ, ಸುಮಾರು ಕಡೆ ಕೆಂಪಕ್ಷರದಲ್ಲಿ ತಪ್ಪು ಇಮೇಲ್ ಅಂತ ಬರುತ್ತೆ. ಇಂಗ್ಲಿಷ್ ಅಕ್ಷರ ಮಾತ್ರ ಒಪ್ಕೊಳ್ಳೋ ಥರ ಕೋಡ್ ಬರ್ದಿರೋದು ವಿಶ್ವಸಂಸ್ಥೆ ಸಭೆಗಳು ನಡೆಯೋ ಜಿನೀವಾದೋರೂ ಅಲ್ಲ, ನಿಮ್ಮ ಹಂಗೆ ಬಿಇ ಮುಗಿಸಿದೋರೇ. ಕೆಲಸಕ್ಕೆ ಸೇರಿದ ಮೇಲೆ ನೆನಪಿಟ್ಕೊಳ್ಳಿ.

ಇನ್ನೊಂದು ಹೆಸರು ನಿಮ್ಮ ಸೆಮಿನಾರ್‌ನೋರಿಗೆ ತಲುಪಿಸಿ. 2004ರಲ್ಲಿ ವಿಶ್ವಸಂಸ್ಥೆ ಇಂಟರ್ನೆಟ್ ಆಡಳಿತ ಅಂದ್ರೇನು ಅಂತ ಹೇಳೋಕೇ 40 ಜನರ ಒಂದು ತಂಡ ಮಾಡ್ತು, ಅದರ ಅಧ್ಯಕ್ಷರು ನಮ್ಮ ದೇಶದ ಅರ್ಥಶಾಸ್ತ್ರಜ್ಞ ನಿತಿನ್ ದೇಸಾಯಿ. ಸರ್ಕಾರ, ಕಂಪನಿ, ಜನಸಂಘಟನೆ ಮೂರೂ ಅವರವರ ಪಾತ್ರದಲ್ಲಿ ಸೇರಿ ನಿಯಮ ರೂಪಿಸ್ಬೇಕು ಅನ್ನೋ ಆ ತಂಡದ ವ್ಯಾಖ್ಯೆಯನ್ನೇ ಇವತ್ತಿಗೂ ಎಲ್ರೂ ಉದ್ಧರಿಸ್ತಾರೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಟ್ರೈನಿಂಗ್‌ನಲ್ಲಿ ಡಿಜಿಟಲ್ ಇನ್‌ಕ್ಲೂಷನ್ ಆಗೋಗಿದೆ, ಈಗ ಎಲ್ರ ಕೈಲೂ ಫೋನಿದೆ ಅಂದ್ರು. ಫೋನ್ ಇರೋದು ಮಗನ ಕೈಲಿ ಕಣಣ್ಣ, ಬ್ಯಾಂಕಿಗೆ ಕೊಟ್ಟಿರೋದೂ ಅವನ ನಂಬರ್ರೇ. ಓಟಿಪಿ ಬಂದ್ರೆ ಅವನು ಬೆಂಗಳೂರಿಂದ ಫೋನ್ ಮಾಡಿ ಹೇಳ್ಬೇಕು. ಇದು ಯಾವ ಲೆಕ್ಕ?
– ನಾಗಮಂಗಲ ತಾಲ್ಲೂಕಿನ ಓದುಗರು

ಉತ್ತರ: ಅಕ್ಕಾ, ಲೆಕ್ಕ ಬರೆಯೋರು ಮನೆಗೆ ಒಂದು ಫೋನ್ ಅಂದ್ರೆ ಮನೇಲಿರೋ ಎಲ್ರಿಗೂ ಫೋನ್ ಅಂದ್ಕೊಳ್ತಾರೆ, ಅಲ್ಲೇ ತಪ್ಪೋದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನೀವು ಯಾವತ್ತಾದ್ರೂ ಇಂಟರ್ನೆಟ್ ಬಳಸಿದೀರಾ ಅಂತ ನೇರವಾಗಿ ಕೇಳಿದ್ರು, ದೇಶದಲ್ಲಿ ಗಂಡಸರಲ್ಲಿ ನೂರಕ್ಕೆ 57 ಜನ ಹೂಂ ಅಂದ್ರು, ಹೆಂಗಸರಲ್ಲಿ ಬರೀ 33. ಪ್ರಪಂಚದ ಲೆಕ್ಕ ಇಡೋ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2024ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಇನ್ನೂ 260 ಕೋಟಿ ಜನ ಇಂಟರ್ನೆಟ್ ಇಲ್ದೇ ಇದ್ರು. ಈಗ ಪಾಲಿಸಿ ಮಾಡೋರಲ್ಲೇ ಒಂದು ಗುಂಪು ಬರೀ ಸಿಗ್ನಲ್ ಬಂದ್ರೆ ಸಾಲ್ದು ಅಂತ ಹಟ ಹಿಡಿದಿದೆ, ದಿನಾ ಬಳಸಕ್ಕಾಗ್ಬೇಕು, ಫೋನ್ ತನ್ನದೇ ಆಗಿರ್ಬೇಕು, ಡೇಟಾ ಪದೇಪದೇ ಖಾಲಿ ಆಗಬಾರ್ದು ಅಂತ. ಡೇಟಾದ ಸಂಗತೀಲಿ ನಾವು ಪುಣ್ಯವಂತರು, ರೇಟು ಕಮ್ಮಿ. ಫೋನ್ ಯಾರ ಕೈಲಿರುತ್ತೆ ಅನ್ನೋದು ಮಾತ್ರ ಟವರ್ ಹಾಕಿದ್ರೆ ಸರಿಹೋಗಲ್ಲ.

ಇದನ್ನ ಮೊದಲೇ ಕಂಡ್ಕೊಂಡೋರು ನಮ್ಮ ಪಕ್ಕದಲ್ಲೇ ಇದ್ರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಅನ್ನೋ ಸಂಸ್ಥೆ, ಸ್ಮಾರ್ಟ್‌ಫೋನ್ ಹಳ್ಳಿಗೆ ಬರೋಕೆ ಮುಂಚೇನೇ, ಮಹಿಳಾ ಸಮಖ್ಯ ಅನ್ನೋ ಸರ್ಕಾರಿ ಮಹಿಳಾ ಕಾರ್ಯಕ್ರಮದ ಜೊತೆ ಸೇರಿ ಮೈಸೂರು ಜಿಲ್ಲೆಯ ಸಂಘದ ಹೆಂಗಸರಿಗೋಸ್ಕರ ಮೈಸೂರಿನ ಜ್ಞಾನವಾಣಿ ಎಫ್‌ಎಂನಲ್ಲಿ ಕೇಳು ಸಖಿ ಅಂತ ರೇಡಿಯೋ ಕಾರ್ಯಕ್ರಮ ಮಾಡ್ತು, ಹಳ್ಳೀಲಿ ನಮ್ಮ ಮಾಹಿತಿ ಕೇಂದ್ರ ಅಂತ ಸಂಘದೋರೇ ನೋಡ್ಕೊಳ್ಳೋ ಕಂಪ್ಯೂಟರ್ ಸೆಂಟರ್ ತೆಗೀತು. ಅದನ್ನ ಕಟ್ಟಿದ ಅನಿತಾ ಗುರುಮೂರ್ತಿ, ಪರ್ಮಿಂದರ್ ಜೀತ್ ಸಿಂಗ್ ಇಬ್ರೂ ವಿಶ್ವಸಂಸ್ಥೆ ಸಭೆಗಳಲ್ಲಿ ವರ್ಷಾನುಗಟ್ಟಲೆ ವಾದ ಮಾಡ್ದೋರು. ಅವರ ಎಲ್ಲ ವಾದ ನಾನು ಒಪ್ಪಲ್ಲ, ಆದ್ರೆ ಸಂಘದ ಮೀಟಿಂಗಲ್ಲಿ ಚಾಪೆ ಮೇಲೆ ಕೂತು ಬಂದೋರು ಜಿನೀವಾದಲ್ಲಿ ಮೈಕ್ ಹಿಡಿದ್ರೆ ಮಾತಿನ ತೂಕಾನೇ ಬೇರೆ.

ಇನ್ನೊಂದು ವಿಷಯ ತಿಳ್ಕೊಂಡಿರಿ, ಉಪಯೋಗಕ್ಕೆ ಬರುತ್ತೆ. ಪ್ರಜ್ಞಾ ಪ್ರಸೂನ್ ಅಂತ ಆಸಿಡ್ ದಾಳಿಗೆ ಒಳಗಾದ ಹೆಣ್ಣುಮಗಳು ಬ್ಯಾಂಕ್ ಖಾತೆ ತೆಗೆಯಕ್ಕೆ ಹೋದ್ರೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದ್ರಂತೆ, ಅವರ ಕಣ್ಣಿಗೆ ಅದು ಆಗ್ತಿರ್ಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, 2025ರ ಏಪ್ರಿಲ್ 30ಕ್ಕೆ ತೀರ್ಪು ಬಂತು: ಡಿಜಿಟಲ್ ಸೌಲಭ್ಯ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಕೆವೈಸಿ ಎಲ್ರಿಗೂ ಆಗೋ ಥರ ಮಾಡಿ ಅಂತ. ಬೆರಳಚ್ಚು ಬರ್ದೇ, ಮುಖ ಸ್ಕ್ಯಾನ್ ಆಗ್ದೇ ಕೌಂಟರಿಂದ ವಾಪಸ್ ಬಂದೋರು ನಿಮ್ಮ ಸಂಘದಲ್ಲಿದ್ರೆ ಬಾಯ್ಮಾತಲ್ಲಿ ಬಿಡ್ಬೇಡಿ, ಬೇರೆ ದಾರಿ ಕೊಡಿ ಅಂತ ಅರ್ಜಿ ಬರ್ದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಮತ್ತೆ ಅಕ್ಕಾ, ಸಣ್ಣ ಬಟನ್ ಫೋನಾದ್ರೂ ಸರಿ, ನಿಮ್ಮ ಹೆಸರಲ್ಲೇ ಒಂದು ಸಿಮ್ ತಗೊಂಡು ಬ್ಯಾಂಕಲ್ಲಿ ನಂಬರ್ ಬದಲಾಯಿಸಿ. ಓಟಿಪಿಗೆ ಸ್ಮಾರ್ಟ್‌ಫೋನ್ ಬೇಕಿಲ್ಲ.

ಪ್ರಶ್ನೆ: ಎಲ್ಲಾನೂ ವಿಶ್ವಸಂಸ್ಥೆ ಕೈಗೆ ಕೊಟ್ಬಿಟ್ರೆ ತಲೆನೋವೇ ಇರಲ್ಲ ಅಲ್ವಾ?
– ಮಂಡ್ಯದ ನಿವೃತ್ತ ಅಧ್ಯಾಪಕರು

ಉತ್ತರ: ಮೇಷ್ಟ್ರೇ, ನಮ್ಮ ಸರ್ಕಾರಾನೇ 2011ರಲ್ಲಿ ಅದನ್ನ ಕೇಳಿತ್ತು, ವಿಶ್ವಸಂಸ್ಥೆಯಲ್ಲೇ ಒಂದು ಸಮಿತಿ ಮಾಡಿ ಅಂತ. ಯಾರೂ ಅಷ್ಟಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ, 2015ಕ್ಕೆ ನಾವೂ ರಾಗ ಬದಲಾಯಿಸಿ ಎಲ್ಲ ಪಾಲುದಾರರೂ ಸೇರಿ ನಡೆಸೋಣ ಅಂದ್ವಿ. ನನ್ನ ಕೇಳಿದ್ರೆ, ಬರೀ ಸರ್ಕಾರಗಳ ಕೈಗೆ ಕೊಟ್ರೆ ಮೊದಲನೇ ಉತ್ತರದಲ್ಲಿ ಹೇಳಿದ ಸ್ವಿಚ್‌ಗಳು ಜಾಸ್ತಿ ಆಗ್ತವೆ. ಈಗಿರೋ ಪದ್ಧತೀಲಿ ಬಾಗಿಲು ಎಲ್ರಿಗೂ ತೆಗೆದಿದೆ ಅಂತಾರೆ, ಆದ್ರೆ ವಿಮಾನದ ಟಿಕೆಟ್‌ಗೆ ದುಡ್ಡಿರೋದು ದೊಡ್ಡ ಕಂಪನಿಯೋರ ಹತ್ರ. ಎರಡನೇದೇ ವಾಸಿ ಅಂತ ನನ್ನ ಅಭಿಪ್ರಾಯ, ಪೂರ್ತಿ ಸಮಾಧಾನ ಏನಿಲ್ಲ.

ಪ್ರಶ್ನೆ: ನಾನು ಡಿಗ್ರಿ ಓದ್ತಿದೀನಿ, ನಾನೂ ಇಂಥ ಸಭೆಗೆ ಹೋಗ್ಬೋದಾ? ಫೀಸ್ ಎಷ್ಟು?
– ಶ್ರೀರಂಗಪಟ್ಟಣದ ಓದುಗ

ಉತ್ತರ: ಫೀಸ್ ಇಲ್ಲ. ವರ್ಷಕ್ಕೊಂದು ಸಲ ನಡೆಯೋ ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂಗೆ ರಿಜಿಸ್ಟ್ರೇಷನ್ ಫ್ರೀ, ಮನೇಲಿ ಕೂತು ಆನ್‌ಲೈನ್‌ನಲ್ಲೂ ಸೇರ್ಬೋದು. 2006ರಲ್ಲಿ ಅಥೆನ್ಸ್‌ನಲ್ಲಿ ಶುರುವಾಯ್ತು, 2008ರಲ್ಲಿ ಹೈದರಾಬಾದಿಗೇ ಬಂದಿತ್ತು, ನೀವು ಆಗ ಅಂಗನವಾಡೀಲಿ ಇದ್ರೇನೋ. ಐಕ್ಯಾನ್ ಫೆಲೋಶಿಪ್‌ಗೆ ಅರ್ಜಿ ಹಾಕಿ ಸಿಕ್ರೆ ಪ್ರಯಾಣದ ಖರ್ಚು ಅವರೇ ನೋಡ್ಕೊಳ್ತಾರೆ, ಪಾಸ್‌ಪೋರ್ಟ್ ಈಗ್ಲೇ ಮಾಡ್ಸಿಡಿ.

ಆದ್ರೆ ನನ್ನ ಸಲಹೆ, ಹತ್ತಿರದಿಂದ ಶುರು ಮಾಡಿ. ಫೇಸ್‌ಬುಕ್‌ನೋರ ಫ್ರೀ ಬೇಸಿಕ್ಸ್ ಗಲಾಟೆ ಹೊತ್ತಿಗೆ ನೀವು ಮಿಡಲ್ ಸ್ಕೂಲ್ಗೂ ಬಂದಿರ್ಲಿಕ್ಕಿಲ್ಲ, ಕೆಲವೇ ವೆಬ್‌ಸೈಟ್ ಪುಕ್ಕಟೆ ಕೊಡ್ತೀವಿ, ಮಿಕ್ಕಿದ್ದಕ್ಕೆ ದುಡ್ಡು ಕೊಡಿ ಅನ್ನೋ ಸ್ಕೀಮು ಅದು. ಅದಕ್ಕೂ ಮುಂಚೆ 2015ರ ಏಪ್ರಿಲ್‌ನಲ್ಲೇ ಇಂಟರ್ನೆಟ್ ಎಲ್ಲಕ್ಕೂ ಒಂದೇ ಥರ ಇರ್ಲಿ ಅಂತ 10 ಲಕ್ಷಕ್ಕೂ ಮೇಲೆ ಇಮೇಲ್ ಟ್ರಾಯ್‌ಗೆ, ಅಂದ್ರೆ ನಮ್ಮ ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರಕ್ಕೆ, ಹೋಗಿದ್ವು, ಎಕ್ಸ್‌ಪರ್ಟುಗಳು ಕಳಿಸಿದ್ದಲ್ಲ, ನಿಮ್ಮ ನಮ್ಮಂಥೋರು ಕಳಿಸಿದ್ದು. 2016ರ ಫೆಬ್ರವರಿ 8ಕ್ಕೆ ಟ್ರಾಯ್ ಅಂಥ ಸ್ಕೀಮ್‌ಗಳಿಗೆ ತಡೆ ಹಾಕ್ತು. ಈಗ್ಲೂ ಹೊಸ ನಿಯಮ ತರೋ ಮುಂಚೆ ಟ್ರಾಯ್ ಕನ್ಸಲ್ಟೇಶನ್ ಪೇಪರ್ ಅಂತ ಬಿಡುತ್ತೆ, ಯಾರು ಬೇಕಾದ್ರೂ ಉತ್ತರ ಬರೀಬೋದು. ಪೇಪರ್ ದಪ್ಪ ಇರುತ್ತೆ, ಮೊದಲಿಂದ ಓದಕ್ಕೆ ಹೋಗಿ ಸುಸ್ತಾಗ್ಬೇಡಿ, ಕೊನೇಲಿ ಪ್ರಶ್ನೆಗಳನ್ನೆಲ್ಲ ಒಂದ್ಕಡೆ ಕೊಟ್ಟಿರ್ತಾರೆ, ನಿಮಗೆ ಗೊತ್ತಿರೋದಕ್ಕೆ ಮಾತ್ರ ಬರೀರಿ. ಕಳಿಸಕ್ಕೆ ಬೇರೆ ಒಂದು ಇಮೇಲ್ ಐಡಿ ಮಾಡ್ಕೊಳ್ಳಿ, ಯಾಕಂದ್ರೆ 2015ರಲ್ಲಿ ಬರೆದೋರೆಲ್ಲರ ಇಮೇಲ್ ವಿಳಾಸಾನೂ ಟ್ರಾಯ್ ತನ್ನ ವೆಬ್‌ಸೈಟಲ್ಲಿ ಹಂಗಂಗೇ ಹಾಕ್ಬಿಟ್ಟಿತ್ತು.