ಮೊಬೈಲ್ ಆ್ಯಪ್‌ಗೆ ಕ್ಲೌಡ್ ಟೆಕ್ಸ್ಟ್-ಟು-ಸ್ಪೀಚ್ (ಪಠ್ಯವನ್ನು ದನಿಯಲ್ಲಿ ಓದಿಸುವ ಆನ್‌ಲೈನ್ ಸೇವೆ) ಸೇರಿಸುವಾಗ ಎಪಿಐ ಕೀಯನ್ನು, ಅಂದರೆ ಆ ಸೇವೆ ಬಳಸಲು ಬೇಕಾದ ಗುಟ್ಟಿನ ಕೋಡನ್ನು, ಆ್ಯಪ್ ಒಳಗೇ ಇಡಬಹುದಾ?

ಇಡಬೇಡಿ. ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಬಿಚ್ಚಿ ನೋಡುವುದು ಕಷ್ಟವೇನಲ್ಲ, ಕೀ ಯಾರ ಕೈಗಾದರೂ ಸಿಕ್ಕರೆ ಅವರು ಓದಿಸಿದ್ದಕ್ಕೆಲ್ಲ ಬಿಲ್ ನಿಮಗೇ ಬರುತ್ತದೆ. ನಡುವೆ ನಿಮ್ಮದೇ ಒಂದು ಚಿಕ್ಕ ಸರ್ವರ್ ಇರಲಿ. ಆ್ಯಪ್ ಪಠ್ಯವನ್ನು ಅದಕ್ಕೆ ಕಳಿಸುತ್ತದೆ, ಅದು ಲಾಗಿನ್ ನೋಡಿಕೊಂಡು ಕ್ಲೌಡ್‌ನಿಂದ ಆಡಿಯೊ ತಂದುಕೊಡುತ್ತದೆ. ಗೂಗಲ್ ಕ್ಲೌಡ್ ಬಳಸಿದರೆ ಅದರ ರೆಸ್ಟ್ ಎಪಿಐ (ವೆಬ್ ಮೂಲಕ ಕೇಳುವ ವಿಧಾನ) ಕೊಡುವ ಉತ್ತರದಲ್ಲಿ ಆಡಿಯೊ ಬೇಸ್64 ರೂಪದಲ್ಲಿ, ಅಂದರೆ ಅಕ್ಷರಗಳಾಗಿ ಬರೆದ ಡೇಟಾ ಆಗಿ ಬರುತ್ತದೆ, ಡಿಕೋಡ್ ಮಾಡಿ ಪ್ಲೇಯರ್‌ಗೆ ಕೊಟ್ಟರೆ ಆಯ್ತು.

ಜನ ಜಾಸ್ತಿ ಎಡವುವುದು ಉದ್ದದ ಪಠ್ಯದಲ್ಲಿ. ಗೂಗಲ್‌ನಲ್ಲಿ ಒಂದು ಸಾಮಾನ್ಯ ರಿಕ್ವೆಸ್ಟ್‌ಗೆ ಮಿತಿ 5000 ಬೈಟ್, 5000 ಅಕ್ಷರ ಅಲ್ಲ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ (ಅಕ್ಷರ, ಸ್ವರಚಿಹ್ನೆ, ಒತ್ತು ಮಾಡುವ ಚಿಹ್ನೆ ಎಲ್ಲವೂ ಬೇರೆ ಬೇರೆ ಕೋಡ್ ಪಾಯಿಂಟ್) 3 ಬೈಟ್ ಬೇಕು, ‘ಕ್ಷಿ’ ಅಂತ ಬರೆದರೆ ಅದೊಂದೇ 12 ಬೈಟ್ ತಿನ್ನುತ್ತದೆ! ಹಾಗಂತ ಸುಮ್ನೆ ಬೈಟ್ ಎಣಿಸಿ ಕತ್ತರಿಸಬೇಡಿ, ವಾಕ್ಯ ಮುಗಿಯುವ ಕಡೆ ತುಂಡು ಮಾಡಿ, ಇಲ್ಲದಿದ್ದರೆ ಓದುವ ಏರಿಳಿತವೇ ಕೆಡುತ್ತದೆ.

ಒಮ್ಮೆ ಮಾಡಿಸಿದ ಆಡಿಯೊವನ್ನು ಪಠ್ಯ, ದನಿ, ವೇಗ ಮೂರನ್ನೂ ಸೇರಿಸಿ ಲೆಕ್ಕ ಹಾಕಿದ ಹ್ಯಾಶ್ (ಗುರುತಿಗಾಗಿ ಮಾಡುವ ಚಿಕ್ಕ ಕೋಡ್) ಹೆಸರಲ್ಲಿ ಉಳಿಸಿಕೊಳ್ಳಿ. ಅದನ್ನೇ ಮತ್ತೆ ಮತ್ತೆ ದುಡ್ಡು ಕೊಟ್ಟು ಯಾಕೆ ಓದಿಸಬೇಕು, ಅಲ್ವಾ? ನೆಟ್ ಇಲ್ಲದಾಗ ಫೋನಿನದೇ ದನಿ ಓದಲಿ (ಆಂಡ್ರಾಯ್ಡ್‌ನಲ್ಲೂ ಐಒಎಸ್‌ನಲ್ಲೂ ಈ ಸೌಲಭ್ಯ ಇದೆ), ಆದರೆ ನಿಮಗೆ ಬೇಕಾದ ಭಾಷೆಯ ದನಿ ಆ ಫೋನಿನಲ್ಲಿ ಇದೆಯಾ ಅಂತ ಕೋಡ್‌ನಲ್ಲಿ ಮೊದಲೇ ನೋಡಿಕೊಳ್ಳಿ.